ಆಮಶಂಕೆ ಅಮೀಬಾ ಮತ್ತು ಅದರ ಸಹವಾಸ ದೋಷ

ಒಂದೇ ಮನೆಯವರು ಒಂದೇ ನಲ್ಲಿ ನೀರು ಕುಡಿದು ಒಂದೇ ಪಾತ್ರೆ ಸಾರು ಉಂಡಿರ್ತಾರೆ, ಆದ್ರೂ ಒಬ್ಬರಿಗೆ ರಕ್ತಭೇದಿ ಆಗಿ ಡ್ರಿಪ್ ಹಾಕೋ ಮಟ್ಟಕ್ಕೆ ಹೋಗುತ್ತೆ, ಇನ್ನೊಬ್ಬರಿಗೆ ಹೊಟ್ಟೆ ನೋವೂ ಬರಲ್ಲ. ಇಬ್ಬರದೂ ಮಲ ಪರೀಕ್ಷೆ ಮಾಡಿದ್ರೆ ಇಬ್ಬರಲ್ಲೂ ಅಮೀಬಾ ಸಿಗುತ್ತೆ. ಮೈಸೂರಲ್ಲಿ ಲ್ಯಾಬ್ ಕೆಲಸ ಮಾಡೋ ನಮ್ಮಂಥವರಿಗೆ ಇದು ಹೊಸದಲ್ಲ. ಮಂಡ್ಯ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ರಿಪೋರ್ಟ್ ಹಿಡ್ಕೊಂಡು ನೇರವಾಗಿ ಕೇಳೇಬಿಟ್ರು: "ಅಲ್ಲ ಕಣವ್ವ, ನಂಗೂ ಅದೆ ಅಂತೀಯ, ನನ್ ಮಗಂಗೂ ಅದೆ ಅಂತೀಯ, ಅವ್ನು ಏಳಕ್ಕಾಗ್ದೆ ಮಲಗವ್ನೆ, ನಾನು ಗದ್ದೆ ಕೆಲ್ಸ ಮಾಡ್ಕಂಡು ಗುಂಡುಕಲ್ಲಂಗಿವ್ನಿ, ಇದ್ಯಾವ ನ್ಯಾಯ?"

ತುಂಬಾ ಒಳ್ಳೇ ಪ್ರಶ್ನೆ ಅದು. ಅದಕ್ಕೆ ಉತ್ತರ ಒಂದೇ ಸಲಕ್ಕೆ ಸಿಕ್ಕಿಲ್ಲ, ತುಂಡು ತುಂಡಾಗಿ ಸಿಗ್ತಾ ಬಂದಿದೆ, ಮತ್ತೆ ಆ ಉತ್ತರದ ದೊಡ್ಡ ಪಾಲು ಅಮೀಬಾದೊಳಗೆ ಇಲ್ಲ, ಅದು ಯಾರ ಜೊತೆ ಇದೆ ಅನ್ನೋದ್ರಲ್ಲಿದೆ. ನಮ್ಮ ದೊಡ್ಡ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಇವೆ ಅನ್ನೋದು ಈಗ ಎಲ್ಲರಿಗೂ ಗೊತ್ತು. ಅಮೀಬಾ ಅಲ್ಲಿಗೆ ಹೋದ್ಮೇಲೆ ಸುಮ್ಮನೆ ಇರುತ್ತಾ, ಇಲ್ಲ ಕರುಳಿನ ಗೋಡೆ ಕೊರೆಯೋಕೆ ಶುರು ಮಾಡುತ್ತಾ ಅನ್ನೋದನ್ನ ಈ ಬ್ಯಾಕ್ಟೀರಿಯಾಗಳು ಬಹಳ ಮಟ್ಟಿಗೆ ತೀರ್ಮಾನ ಮಾಡ್ತವೆ. ಹಿರಿಯರು ಹೇಳೋ ಸಹವಾಸ ದೋಷ ಇಲ್ಲಿ ಅಕ್ಷರಶಃ ನಿಜ.

ಮೊದಲು ಯಾವ ಅಮೀಬಾ ಅಂತ ಸ್ಪಷ್ಟ ಮಾಡ್ಕೊಳ್ಳೋಣ, ಯಾಕಂದ್ರೆ ಕೇರಳದ ಮೆದುಳು ತಿನ್ನೋ ಅಮೀಬಾ ಸುದ್ದಿ ನೋಡಿ ಎಲ್ಲರೂ ಹೆದರಿದ್ದಾರೆ. ಕೆರೆ, ಕೊಳದ ನೀರು ಮೂಗಿನಿಂದ ಒಳಗೆ ಹೋಗಿ ಮೆದುಳಿಗೆ ಹತ್ತೋದು ನೇಗ್ಲೇರಿಯಾ, ಅದು ಬೇರೆ ಜಾತಿ, ಅದಕ್ಕೆ ಬದುಕೋಕೆ ನಾವು ಬೇಕಾಗಿಲ್ಲ. ನಾನು ಹೇಳ್ತಿರೋದು ಎಂಟಮೀಬಾ ಹಿಸ್ಟೊಲಿಟಿಕಾ ಬಗ್ಗೆ, ಅಂದ್ರೆ ನಮ್ಮ ಆಮಶಂಕೆ ಅಮೀಬಾ. ಇದನ್ನ ಮೊದಲು ವಿವರವಾಗಿ ನೋಡಿ ಬರೆದಿಟ್ಟಿದ್ದು 1875ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಫ್ಯೋದರ್ ಲೋಶ್ ಅನ್ನೋ ವೈದ್ಯರು, ತಮ್ಮ ಒಬ್ಬ ರೋಗಿಯ ಮಲದಲ್ಲಿ. ಹಿಸ್ಟೊಲಿಟಿಕಾ ಅಂತ ಹೆಸರಿಟ್ಟಿದ್ದು 1903ರಲ್ಲಿ ಜರ್ಮನಿಯ ಫ್ರಿಟ್ಸ್ ಶಾಡಿನ್.

ಇದಕ್ಕೆ ಎರಡು ರೂಪ. ಹೊರಗಿನ ಪ್ರಪಂಚದಲ್ಲಿ ಇದು ಸಿಸ್ಟ್ ಆಗಿರುತ್ತೆ, ಗಟ್ಟಿ ಗೋಡೆ ಇರೋ ಪುಟ್ಟ ಗುಂಡು, ಅಗಲ ಬರೀ 10ರಿಂದ 15 ಮೈಕ್ರಾನ್, ಪೂರ್ತಿ ಬಲಿತಿದ್ರೆ ಒಳಗೆ ನಾಲ್ಕು ನ್ಯೂಕ್ಲಿಯಸ್. ಕೊಳಕು ಸೇರಿದ ನೀರು, ಸರಿಯಾಗಿ ತೊಳೆಯದ ಸೊಪ್ಪು, ಕೈ ತೊಳೆಯದೆ ಬಡಿಸೋರು, ಹೀಗೆ ಬಾಯಿಗೆ ಬರುತ್ತೆ. ನಲ್ಲಿ ನೀರಿಗೆ ಮಾಮೂಲಿ ಹಾಕೋ ಅಷ್ಟು ಕ್ಲೋರಿನ್‌ಗೆ ಭೇದಿಯ ಬ್ಯಾಕ್ಟೀರಿಯಾ ಸಾಯ್ತವೆ, ಈ ಸಿಸ್ಟ್ ಸಾಯೋದು ಗ್ಯಾರಂಟಿ ಇಲ್ಲ, ಕುದಿಸಿದ್ರೆ ಮಾತ್ರ ಖಂಡಿತ ಸಾಯುತ್ತೆ. ಹೊಟ್ಟೆಯ ಆಸಿಡ್ ದಾಟಿ ಸಣ್ಣ ಕರುಳಿಗೆ ಬಂದಾಗ ಸಿಸ್ಟ್ ಒಡೆದು ಟ್ರೋಫೋಜೊಯಿಟ್ ಹೊರಗೆ ಬರುತ್ತೆ, ಓಡಾಡೋ, ತಿನ್ನೋ, ಎರಡಾಗೋ ರೂಪ ಅದು. ಅದು ದೊಡ್ಡ ಕರುಳಿಗೆ ಇಳಿದು ಅಲ್ಲೇ ವಾಸ. ಸೋಂಕು ತಗುಲಿದ ಹತ್ತು ಜನರಲ್ಲಿ ಹೆಚ್ಚೂಕಮ್ಮಿ ಒಂಬತ್ತು ಜನಕ್ಕೆ ಏನೂ ಆಗಲ್ಲ, ಆ ಹಿರಿಯರ ಥರ. ಉಳಿದವರಲ್ಲಿ ಕರುಳು ಹುಣ್ಣಾಗುತ್ತೆ, ಅದರಲ್ಲೂ ಕೆಲವರಲ್ಲಿ ಅಮೀಬಾ ರಕ್ತದ ಮೂಲಕ ಲಿವರ್‌ಗೆ ಹೋಗಿ ಅಲ್ಲಿ ಕೀವು ಕಟ್ಟುತ್ತೆ, ಹೆಚ್ಚಾಗಿ ಗಂಡಸರಲ್ಲಿ.

ಮೈಕ್ರೋಸ್ಕೋಪ್ ಕೆಳಗೆ ಇದನ್ನ ಜೀವಂತವಾಗಿ ನೋಡ್ಬೇಕು ಅಂದ್ರೆ ಸ್ಯಾಂಪಲ್ ಬಿಸಿ ಆರೋ ಮುಂಚೆ ನೋಡ್ಬೇಕು, ಅರ್ಧ ಗಂಟೆ ದಾಟಿದ್ರೆ ಅದು ಮುದುಡ್ಕೊಂಡು ಸತ್ತಿರುತ್ತೆ, ಅದಕ್ಕೇ ನಾವು "ಮನೆಯಿಂದ ಬೆಳಿಗ್ಗೆ ಡಬ್ಬೀಲಿ ತರಬೇಡಿ, ಇಲ್ಲೇ ಬಂದು ಕೊಡಿ" ಅಂತ ಹೇಳೋದು. ಸ್ಲೈಡ್ ಮೇಲೆ ಒಂದು ಹನಿ ಸಲೈನ್, ಅದರಲ್ಲಿ ರಕ್ತ ಅಥವಾ ಲೋಳೆ ಇರೋ ಕಡೆಯಿಂದಲೇ ತೆಗೆದ ಚೂರು, ಮೇಲೆ ಕವರ್‌ಸ್ಲಿಪ್. ಮೊದಲು ಏನೂ ಕಾಣಲ್ಲ, ಎಲ್ಲಾ ಕಸ. ಆಮೇಲೆ ಒಂದು ಕಡೆ ಗಾಜಿನಂತೆ ತಿಳಿಯಾದ ಬೆರಳೊಂದು ಇದ್ದಕ್ಕಿದ್ದಂಗೆ ಮುಂದಕ್ಕೆ ಚಾಚುತ್ತೆ, ಅದರ ಹಿಂದೆ ಒಳಗಿನ ಕಾಳು ಕಾಳಾದ ದ್ರವ ಪೂರ್ತಿ ಹರಿದು ಬಂದು ತುಂಬ್ಕೊಳ್ಳುತ್ತೆ, ಮತ್ತೆ ಇನ್ನೊಂದು ಬೆರಳು. ಒಂದೇ ದಿಕ್ಕಲ್ಲಿ ಸಾಗ್ತಾ ಇರುತ್ತೆ. ಒಳಗೆ ಹಸಿರು ಮಿಶ್ರಿತ ಹಳದಿ ಬಣ್ಣದ ದುಂಡು ದುಂಡು ಬಿಲ್ಲೆಗಳು ಕಂಡ್ರೆ ಅವು ಅದು ನುಂಗಿರೋ ಕೆಂಪು ರಕ್ತಕಣಗಳು, ಆ ಮನುಷ್ಯನ ರಕ್ತ, ಇನ್ನೂ ಜೀರ್ಣ ಆಗಿಲ್ಲದ್ದು. ಹಾಗೆ ಕಂಡ್ರೆ ತಕ್ಷಣ ಡಾಕ್ಟರ್‌ಗೆ ಫೋನ್ ಮಾಡ್ತೀವಿ. ಏನೂ ತೊಂದರೆ ಇಲ್ಲದವರ ಸ್ಯಾಂಪಲ್‌ನಲ್ಲಿ ಸಿಗೋದು ಸಾಮಾನ್ಯವಾಗಿ ಸಿಸ್ಟ್ ಮಾತ್ರ, ಅಯೋಡಿನ್ ಹಾಕಿದ್ರೆ ಕಂದು ಬಣ್ಣಕ್ಕೆ ತಿರುಗಿ ನ್ಯೂಕ್ಲಿಯಸ್‌ಗಳು ಎಣಿಸೋ ಹಾಗೆ ಕಾಣ್ತವೆ.

ಇನ್ನು ಊಟದ ವಿಷಯ. ಅಮೀಬಾದ ದಿನನಿತ್ಯದ ಆಹಾರ ನಮ್ಮ ಕರುಳಲ್ಲ, ರಕ್ತ ಅಲ್ಲ, ಬ್ಯಾಕ್ಟೀರಿಯಾ. ಇದನ್ನ ಅರ್ಥ ಮಾಡ್ಕೊಂಡ್ರೆ ಅರ್ಧ ವಿಷಯ ಅರ್ಥ ಆದಂಗೆ. ಬ್ಯಾಕ್ಟೀರಿಯಾ ಹಿಡಿಯೋಕೆ, ಕೊಲ್ಲೋಕೆ, ಅರಗಿಸೋಕೆ ಅದು ಇಟ್ಕೊಂಡಿರೋ ಸಾಮಾನುಗಳೇ ನಮ್ಮ ಮೇಲೂ ಪ್ರಯೋಗ ಆಗೋದು. ಅದರ ಮೈಮೇಲೆ ಒಂದು ಲೆಕ್ಟಿನ್ ಇದೆ, ಅದು ಗ್ಯಾಲಕ್ಟೋಸ್ ಮತ್ತು ಅದರ ಹತ್ತಿರದ ಇನ್ನೊಂದು ಸಕ್ಕರೆಗೆ ಅಂಟ್ಕೊಳ್ಳೋ ಪ್ರೋಟೀನು. ಕೆಲವು ಬ್ಯಾಕ್ಟೀರಿಯಾಗಳ ಮೇಲೂ ಆ ಥರದ ಸಕ್ಕರೆ ಇದೆ, ನಮ್ಮ ಕರುಳಿನ ಲೋಳೆಯಲ್ಲೂ ಇದೆ, ಕರುಳಿನ ಕೋಶಗಳ ಮೇಲೂ ಇದೆ. ಎರಡನೇದು ಅಮೀಬಾಪೋರ್, 77 ಅಮೈನೋ ಆಸಿಡ್‌ನ ಸಣ್ಣ ಪ್ರೋಟೀನು, ಎದುರಿಗಿರೋ ಕೋಶದ ಪೊರೆಯಲ್ಲಿ ತೂತು ಕೊರೆಯುತ್ತೆ, ನುಂಗಿದ ಬ್ಯಾಕ್ಟೀರಿಯಾ ಸಾಯಿಸೋದೇ ಅದರ ಮೂಲ ಕೆಲಸ ಇರ್ಬೇಕು ಅಂತ ವಿಜ್ಞಾನಿಗಳ ಅಭಿಪ್ರಾಯ. ಮೂರನೇದು ಸಿಸ್ಟೀನ್ ಪ್ರೋಟಿಯೇಸ್ ಅನ್ನೋ ಪ್ರೋಟೀನ್ ಕತ್ತರಿಸೋ ಎನ್‌ಜೈಮ್‌ಗಳು, ಲೋಳೆ ಪದರವನ್ನೂ ಕೋಶಗಳ ನಡುವಿನ ಹೆಣಿಗೆಯನ್ನೂ ಇವೇ ಕರಗಿಸೋದು. ಇನ್ನೂ ಒಂದಿದೆ, 2014ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ ತೋರಿಸಿದ್ದು: ಅಮೀಬಾ ಜೀವಂತ ಮನುಷ್ಯ ಕೋಶವನ್ನ ಒಂದೇ ತುತ್ತಿಗೆ ನುಂಗಲ್ಲ, ಅಂಚಿನಿಂದ ಚೂರು ಚೂರೇ ಕಚ್ಚಿ ತಿನ್ನುತ್ತೆ, ಆ ಕಚ್ಚೋದ್ರಿಂದಲೇ ಕೋಶ ಸಾಯುತ್ತೆ.

ಬ್ಯಾಕ್ಟೀರಿಯಾ ಇಲ್ಲದೇ ಇದ್ರೆ ಏನಾಗುತ್ತೆ? 1955ರಲ್ಲಿ ಅಮೆರಿಕದಲ್ಲಿ ಫಿಲಿಪ್ಸ್ ಮತ್ತು ಸಂಗಡಿಗರು ಇದನ್ನ ನೇರವಾಗಿ ಪರೀಕ್ಷೆ ಮಾಡಿದ್ರು. ಹುಟ್ಟಿದಾಗಿನಿಂದ ಒಂದೂ ಸೂಕ್ಷ್ಮಾಣು ಸೋಕದ ಹಾಗೆ ಸಾಕಿದ ಗಿನಿ ಪಿಗ್‌ಗಳ ಕರುಳಿಗೆ ಅಮೀಬಾ ಬಿಟ್ರು. ರೋಗವೇ ಬರಲಿಲ್ಲ, ಅಮೀಬಾಗಳೇ ಅಲ್ಲಿ ಉಳಿಯಲಿಲ್ಲ. ಅದೇ ಥರದ ಪ್ರಾಣಿಗಳಿಗೆ ಮೊದಲು ಒಂದೇ ಒಂದು ಜಾತಿ ಬ್ಯಾಕ್ಟೀರಿಯಾ, ಅದೂ ನಮ್ಮೆಲ್ಲರ ಕರುಳಲ್ಲೂ ಮಾಮೂಲಿಯಾಗಿರೋ ಇ. ಕೋಲೈ ಥರದ್ದು, ಕೊಟ್ಟು ಆಮೇಲೆ ಅಮೀಬಾ ಬಿಟ್ಟಾಗ ಕರುಳಿನಲ್ಲಿ ಹುಣ್ಣು. ನನಗೆ ಈ ಪ್ರಯೋಗ ಯಾವಾಗಲೂ ಇಷ್ಟ, ಯಾಕಂದ್ರೆ ಅಷ್ಟು ಹಳೇ ಕಾಲದಲ್ಲಿ, ಜೀನ್ ಓದೋ ಯಂತ್ರ ಯಾವುದೂ ಇಲ್ಲದೆ, ಬರೀ ಅಚ್ಚುಕಟ್ಟುತನದಿಂದ ಎಷ್ಟು ದೊಡ್ಡ ವಿಷಯ ಹೊರಗೆ ತೆಗೆದ್ರು ನೋಡಿ.

ಆಗ ಇನ್ನೊಂದು ಕಷ್ಟ ಇತ್ತು. 1925ರಿಂದಲೇ ಈ ಅಮೀಬಾನ ಲ್ಯಾಬ್‌ನಲ್ಲಿ ಬೆಳೆಸ್ತಾ ಇದ್ರು, ಆದ್ರೆ ಯಾವಾಗಲೂ ಬ್ಯಾಕ್ಟೀರಿಯಾಗಳ ಜೊತೆಗೇ, ಬಿಡಿಸೋಕೆ ಆಗ್ತಿರಲಿಲ್ಲ. ಹಾಗಾಗಿ ಯಾವ ಗುಣ ಅಮೀಬಾದ್ದು, ಯಾವುದು ಬ್ಯಾಕ್ಟೀರಿಯಾದ್ದು ಅಂತ ಹೇಳೋದು ಹೇಗೆ? 1961ರಲ್ಲಿ ಲೂಯಿಸ್ ಡೈಮಂಡ್ ಅನ್ನೋ ವಿಜ್ಞಾನಿ ಒಂದೂ ಬ್ಯಾಕ್ಟೀರಿಯಾ ಇಲ್ಲದೆ ಅಮೀಬಾ ಒಂದನ್ನೇ ಬೆಳೆಸೋ ದ್ರವ ಕಂಡುಹಿಡಿದ್ರು. ಇವತ್ತು ಪ್ರಪಂಚದ ಎಲ್ಲಾ ಅಮೀಬಾ ಲ್ಯಾಬ್‌ಗಳೂ ಅವರ ವಿಧಾನದ ಮೇಲೇ ನಿಂತಿವೆ. ಹೀಗೆ ಒಂಟಿಯಾಗಿ ವರ್ಷಗಟ್ಟಲೆ ಬೆಳೆಸಿದ ಅಮೀಬಾ ನಿಧಾನವಾಗಿ ಸಾಧು ಆಗ್ಬಿಡುತ್ತೆ, ಹ್ಯಾಮ್‌ಸ್ಟರ್ ಲಿವರ್‌ಗೆ ಚುಚ್ಚಿದ್ರೂ ಕೀವುಗಂಟು ಆಗಲ್ಲ ಅಥವಾ ತೀರಾ ಕಡಿಮೆ ಆಗುತ್ತೆ. ಅದನ್ನೇ ಲಿವರ್‌ನಿಂದ ಲಿವರ್‌ಗೆ ಪದೇ ಪದೇ ದಾಟಿಸಿದ್ರೆ ಮತ್ತೆ ಹಳೇ ಚಾಳಿ ವಾಪಸ್ ಬರುತ್ತೆ. ಅಂದ್ರೆ ಉಗ್ರ ಗುಣ ಕಳೆದುಹೋಗಿರಲ್ಲ, ಮಲಗಿರುತ್ತೆ ಅಷ್ಟೇ.

ಅದನ್ನ ಎಬ್ಬಿಸೋಕೆ ಬ್ಯಾಕ್ಟೀರಿಯಾ ಸಾಕು ಅಂತ ತೋರಿಸಿದ್ದು 1970ರಲ್ಲಿ ವಿಟ್ನರ್ ಮತ್ತು ರೋಸೆನ್‌ಬಾಮ್. ಸಾಧುವಾಗಿದ್ದ ಒಂಟಿ ಅಮೀಬಾಗಳನ್ನ ಕೆಲವು ಗಂಟೆ ಜೀವಂತ ಬ್ಯಾಕ್ಟೀರಿಯಾ ಜೊತೆ ಇಟ್ರು, ಆಮೇಲೆ ಹ್ಯಾಮ್‌ಸ್ಟರ್‌ಗೆ ಕೊಟ್ಟಾಗ ಲಿವರ್‌ನಲ್ಲಿ ಗಾಯ ಆಯ್ತು. ಸತ್ತ ಬ್ಯಾಕ್ಟೀರಿಯಾ ಹಾಕಿದ್ರೆ ಕೆಲಸ ಮಾಡಲಿಲ್ಲ. ಇದು ಮುಖ್ಯ, ಯಾಕಂದ್ರೆ ಬರೀ ಊಟ ಸಿಕ್ಕಿದ್ದಕ್ಕೆ ಅಮೀಬಾ ಚುರುಕಾಯ್ತು ಅನ್ನೋಹಾಗಿದ್ರೆ ಸತ್ತದ್ದೂ ಊಟವೇ ಅಲ್ವಾ. ಬದುಕಿರೋ ಬ್ಯಾಕ್ಟೀರಿಯಾ ಮಾತ್ರ ಮಾಡೋ ಏನೋ ಒಂದು ಕೆಲಸ ಅಲ್ಲಿ ನಡೀತಾ ಇದೆ.

ಆ ಕೆಲಸ ಏನು ಅನ್ನೋದರ ಹಿಂದೆ ಬಿದ್ದವರು ಇಸ್ರೇಲ್‌ನ ರೆಹೊವೊತ್‌ನಲ್ಲಿರೋ ವೈಜ್‌ಮನ್ ಸಂಸ್ಥೆಯ ಡೇವಿಡ್ ಮಿರೆಲ್ಮನ್ ಮತ್ತು ರಿವ್ಕಾ ಬ್ರಾಖಾ. 1983-84ರ ಅವರ ಕೆಲಸದಲ್ಲಿ ಎರಡು ವಿಷಯ ಹೊರಗೆ ಬಂತು. ಒಂದು, ಎಲ್ಲಾ ಬ್ಯಾಕ್ಟೀರಿಯಾಗೂ ಈ ಶಕ್ತಿ ಇಲ್ಲ, ಅಮೀಬಾಗೆ ಸರಿಯಾಗಿ ಅಂಟ್ಕೊಳ್ಳೋಕೆ ಆಗೋವು ಮಾತ್ರ ಅದನ್ನ ಉಗ್ರ ಮಾಡ್ತವೆ. ಇ. ಕೋಲೈನಲ್ಲೇ ಓ55 ಅನ್ನೋ ತಳಿಯ ಮೈಮೇಲಿನ ಸಕ್ಕರೆಯನ್ನ ಅಮೀಬಾದ ಲೆಕ್ಟಿನ್ ಹಿಡ್ಕೊಳ್ಳುತ್ತೆ. ಬೇರೆ ಕೆಲವು ತಳಿಗಳು ತಮ್ಮದೇ ಕೂದಲಿನಂಥ ಎಳೆಗಳಿಂದ ಅಮೀಬಾ ಮೈಮೇಲಿನ ಮ್ಯಾನೋಸ್ ಅನ್ನೋ ಸಕ್ಕರೆಯನ್ನ ಹಿಡ್ಕೊಳ್ತವೆ. ಈ ಎರಡು ದಾರಿಯಲ್ಲಿ ಒಂದಾದ್ರೂ ಇರ್ಬೇಕು. ಎರಡನೇದು ಆಕ್ಸಿಜನ್. ಈ ಅಮೀಬಾಗೆ ಆಕ್ಸಿಜನ್ ಬಳಸಿ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾ ಇಲ್ಲ, ಅದರ ಪಳೆಯುಳಿಕೆಯಂಥ ಸಣ್ಣ ಚೀಲ ಮಾತ್ರ ಉಳಿದಿದೆ, ಆಕ್ಸಿಜನ್ ಇಲ್ಲದ ಕಡೆ ಬದುಕೋಕೆ ಒಗ್ಗಿದ ಜೀವಿ. ಆದ್ರೆ ಕರುಳಿನ ಗೋಡೆ ಒಳಗೆ ನುಗ್ಗಿದ ಕೂಡಲೇ ಅಲ್ಲಿ ರಕ್ತ ಇದೆ, ಆಕ್ಸಿಜನ್ ಇದೆ, ಜೊತೆಗೆ ನಮ್ಮ ಬಿಳಿ ರಕ್ತಕಣಗಳು ಹೈಡ್ರೋಜನ್ ಪೆರಾಕ್ಸೈಡ್ ಥರದ ಸುಡೋ ಪದಾರ್ಥಗಳನ್ನ ಎರಚ್ತವೆ. ಅದನ್ನ ತಾಳ್ಕೊಳ್ಳದ ಅಮೀಬಾ ಅಲ್ಲೇ ಮುಗೀತು. ಬ್ಯಾಕ್ಟೀರಿಯಾ ತಮ್ಮ ಎನ್‌ಜೈಮ್‌ಗಳಿಂದ ಈ ಸುಡೋ ಪದಾರ್ಥಗಳನ್ನ ತೆಗೆದುಹಾಕಿ ಅಮೀಬಾಗೆ ದಾರಿ ಸುಲಭ ಮಾಡ್ತವೆ ಅಂತ ಅವರು ಆಗಲೇ ಹೇಳಿದ್ರು.

ಆ ಮಾತಿಗೆ ಗಟ್ಟಿ ಆಧಾರ ಸಿಕ್ಕಿದ್ದು ಬಹಳ ವರ್ಷ ಆದ್ಮೇಲೆ. 2018ರಲ್ಲಿ ಹೈಫಾದ ಟೆಕ್ನಿಯಾನ್‌ನ ಸರ್ಜ್ ಆಂಕ್ರಿ ತಂಡ ತೋರಿಸಿದ್ದೇನಂದ್ರೆ, ಜೀವಂತ ಇ. ಕೋಲೈ ಓ55 ಜೊತೆ ಇದ್ದ ಅಮೀಬಾ ಪೆರಾಕ್ಸೈಡ್ ಹಾಕಿದ್ರೂ ಬದುಕುತ್ತೆ, ಅದಕ್ಕೆ ಕಾರಣ ಬ್ಯಾಕ್ಟೀರಿಯಾ ತಯಾರಿಸೋ ಆಕ್ಸಾಲೋಅಸಿಟೇಟ್ ಅನ್ನೋ ಸಣ್ಣ ಅಣು. ಮ್ಯಾಲೇಟ್ ಡೀಹೈಡ್ರೋಜಿನೇಸ್ ಅನ್ನೋ ಎನ್‌ಜೈಮ್ ಇಲ್ಲದ ಇ. ಕೋಲೈ ಬಳಸಿದಾಗ ಆ ರಕ್ಷಣೆ ಸಿಗಲಿಲ್ಲ, ಬ್ಯಾಕ್ಟೀರಿಯಾ ಬಿಟ್ಟು ಬರೀ ಆಕ್ಸಾಲೋಅಸಿಟೇಟ್ ಕೊಟ್ಟಾಗ ಸಿಕ್ತು. ಒಂದು ಹಳೇ ಅನುಮಾನವನ್ನ ಒಂದು ಎನ್‌ಜೈಮ್, ಒಂದು ಅಣುವಿನ ಮಟ್ಟಕ್ಕೆ ತಂದು ನಿಲ್ಲಿಸೋದು ಅಂದ್ರೆ ಸಣ್ಣ ಮಾತಲ್ಲ.

ನಮ್ಮ ಕಡೆಗೆ ಹೆಚ್ಚು ಹತ್ತಿರವಾದ ಇನ್ನೊಂದು ಕೆಲಸ 2008ರದ್ದು, ಮೆಕ್ಸಿಕೋದ್ದು. ಅವರು ಅಮೀಬಾಗೆ ರೋಗ ತರೋ ಬ್ಯಾಕ್ಟೀರಿಯಾಗಳನ್ನೇ ತಿನ್ನಿಸಿದ್ರು, ಶಿಗೆಲ್ಲಾ ಮತ್ತು ಭೇದಿ ತರೋ ಜಾತಿಯ ಇ. ಕೋಲೈ. ಅವನ್ನ ತಿಂದ ಎಂಟಮೀಬಾ ಹಿಸ್ಟೊಲಿಟಿಕಾ ಕರುಳಿನ ಕೋಶಗಳನ್ನ ಹೆಚ್ಚು ಹಾಳು ಮಾಡ್ತು, ಸಿಸ್ಟೀನ್ ಪ್ರೋಟಿಯೇಸ್ ಕೆಲಸವೂ ಜಾಸ್ತಿ ಆಯ್ತು, ರೋಗ ತರದ ಇ. ಕೋಲೈ ತಿಂದಾಗ ಹಾಗಾಗಲಿಲ್ಲ. ಇದರಲ್ಲಿ ನನಗೆ ಕಾಣೋದು ಇಷ್ಟು: ಚರಂಡಿ ನೀರು ಕುಡಿಯೋ ನೀರಿನ ಪೈಪಿಗೆ ಸೇರಿದಾಗ, ನಾಲೆ ಪಕ್ಕದ ಊರಲ್ಲಿ ಕೊಳಕು ನೀರು ಬೋರ್‌ವೆಲ್‌ಗೆ ಇಳಿದಾಗ, ಬರೋದು ಬರೀ ಅಮೀಬಾ ಸಿಸ್ಟ್ ಅಲ್ಲ, ಅದೇ ಲೋಟದಲ್ಲಿ ಶಿಗೆಲ್ಲಾನೂ ಬರುತ್ತೆ, ಬೇರೆ ಬೇರೆ ಇ. ಕೋಲೈನೂ ಬರುತ್ತೆ. ಆಗಲೇ ಒಳಗೆ ಸಿಸ್ಟ್ ಇಟ್ಕೊಂಡು ಸುಮ್ಮನಿದ್ದವರಿಗೂ ಹೊಸ ಬ್ಯಾಕ್ಟೀರಿಯಾ ಬಂದು ಸೇರ್ಕೊಂಡ್ರೆ ಸನ್ನಿವೇಶ ಬದಲಾಗ್ಬಹುದು. ಅದಕ್ಕೇ ನೀರಿನ ವಿಷಯದಲ್ಲಿ "ನಮಗೆ ಅಭ್ಯಾಸ ಆಗಿದೆ, ಏನೂ ಆಗಲ್ಲ ಬಿಡಿ" ಅನ್ನೋ ಮಾತು ಕೇಳಿದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ಇಷ್ಟು ಓದಿ ಬ್ಯಾಕ್ಟೀರಿಯಾ ಎಲ್ಲಾ ಅಮೀಬಾ ಕಡೆಯವೇ ಅಂದ್ಕೋಬೇಡಿ. ಕಾಯೋವೂ ಇವೆ. 2014ರಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸದಲ್ಲಿ, ಕರುಳಿನ ಗೋಡೆಗೆ ಅಂಟ್ಕೊಂಡು ಬೆಳೆಯೋ ದಾರದಂಥ ಒಂದು ಬ್ಯಾಕ್ಟೀರಿಯಾ ಇದ್ದ ಇಲಿಗಳಿಗೆ ಅಮೀಬಾದಿಂದ ರಕ್ಷಣೆ ಸಿಕ್ತು, ಅದು ಇಲಿಯ ರೋಗನಿರೋಧಕ ಕೋಶಗಳನ್ನ ಮೊದಲೇ ಎಚ್ಚರ ಮಾಡಿ ಇಟ್ಟಿತ್ತು. 2017ರಲ್ಲಿ ಅದರ ಉಲ್ಟಾ ನೋಡಿದ್ರು, ಆಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ಏರುಪೇರು ಮಾಡಿದ ಇಲಿಗಳಲ್ಲಿ ಅಮೀಬಾ ರೋಗ ಜಾಸ್ತಿ ಆಯ್ತು, ನ್ಯೂಟ್ರೊಫಿಲ್ ಅನ್ನೋ ಬಿಳಿ ರಕ್ತಕಣಗಳು ಸರಿಯಾದ ಹೊತ್ತಿಗೆ ಕರುಳಿಗೆ ಬಂದು ಸೇರಲಿಲ್ಲ. ಹೊಟ್ಟೆ ಕೆಟ್ರೆ ಮೆಡಿಕಲ್ ಶಾಪ್‌ನಲ್ಲಿ ಯಾವುದೋ ಆಂಟಿಬಯೋಟಿಕ್ ಎರಡು ಮಾತ್ರೆ ತಗೊಂಡು ನುಂಗೋರು ಇದನ್ನ ಒಂದು ಸಲ ಯೋಚನೆ ಮಾಡ್ಬೇಕು. ಮನುಷ್ಯರಲ್ಲಿ ನೋಡಿದ್ದೂ ಇದೆ. ಢಾಕಾದ ಮೀರ್‌ಪುರದ ಕೊಳೆಗೇರಿ ಮಕ್ಕಳನ್ನ ವರ್ಷಗಟ್ಟಲೆ ಗಮನಿಸಿದ ತಂಡ 2016ರಲ್ಲಿ ಹೇಳಿದ್ದು, ಅಮೀಬಾದಿಂದ ಭೇದಿ ಆದ ಮಕ್ಕಳ ಕರುಳಿನಲ್ಲಿ ಪ್ರಿವೊಟೆಲ್ಲಾ ಕೋಪ್ರಿ ಅನ್ನೋ ಬ್ಯಾಕ್ಟೀರಿಯಾ ಹೆಚ್ಚಿತ್ತು ಅಂತ. ನಮ್ಮ ದೇಶದಲ್ಲೂ ಉತ್ತರ ಭಾರತದ ರೋಗಿಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಪ್ರಮಾಣ ಏರುಪೇರಾಗಿದ್ದನ್ನ, ಲ್ಯಾಕ್ಟೋಬ್ಯಾಸಿಲಸ್ ಥರದವು ಕಮ್ಮಿ ಆಗಿದ್ದನ್ನ 2012ರಲ್ಲಿ ದಾಖಲಿಸಿದ್ದಾರೆ. ಕಾರಣ ಯಾವುದು ಪರಿಣಾಮ ಯಾವುದು ಅಂತ ಮನುಷ್ಯರಲ್ಲಿ ಬಿಡಿಸಿ ಹೇಳೋದು ಕಷ್ಟ, ಅಮೀಬಾ ಬಂದಿದ್ದಕ್ಕೆ ಬ್ಯಾಕ್ಟೀರಿಯಾ ಬದಲಾಯ್ತೋ, ಬ್ಯಾಕ್ಟೀರಿಯಾ ಹಾಗಿದ್ದಕ್ಕೆ ಅಮೀಬಾ ಕೆರಳಿತೋ, ಅದಕ್ಕೇ ಇಲಿಗಳ ಪ್ರಯೋಗಕ್ಕೆ ಬೆಲೆ ಇರೋದು.

ಒಂದೇ ಬ್ಯಾಕ್ಟೀರಿಯಾ ಪದಾರ್ಥ ಎರಡು ಕಡೆಗೂ ಎಳೆಯೋ ಉದಾಹರಣೆನೂ ಇದೆ. ಕ್ಯೂಯಿನ್ ಅಂತ ಒಂದು ಅಣು, ಅದನ್ನ ತಯಾರಿಸೋಕೆ ಬರೋದು ಬ್ಯಾಕ್ಟೀರಿಯಾಗಳಿಗೆ ಮಾತ್ರ. ನಾವಾಗಲಿ ಅಮೀಬಾ ಆಗಲಿ ಅದನ್ನ ಕರುಳಿನ ಬ್ಯಾಕ್ಟೀರಿಯಾ ಅಥವಾ ಊಟದಿಂದ ಪಡ್ಕೋಬೇಕು. ಜೀವಕೋಶದಲ್ಲಿ ಜೀನ್‌ನ ಬರಹವನ್ನ ಪ್ರೋಟೀನ್ ಆಗಿ ಮಾಡೋವಾಗ ಅಮೈನೋ ಆಸಿಡ್ ಹೊತ್ತು ತರೋ ಟಿಆರ್‌ಎನ್‌ಎಗಳು ಇದ್ದಾವಲ್ಲ, ಅವುಗಳಲ್ಲಿ ಕೆಲವದರ ಒಳಗೆ ಹೋಗಿ ಈ ಕ್ಯೂಯಿನ್ ಕೂತ್ಕೊಳ್ಳುತ್ತೆ. ಆಂಕ್ರಿ ತಂಡದ್ದೇ 2021ರ ಕೆಲಸ ಇದು: ಕ್ಯೂಯಿನ್ ಸಿಕ್ಕಿದ ಅಮೀಬಾ ಪೆರಾಕ್ಸೈಡ್ ತಡ್ಕೊಳ್ಳೋದ್ರಲ್ಲಿ ಗಟ್ಟಿ ಆಯ್ತು, ಆದ್ರೆ ಉಗ್ರತೆಗೆ ಬೇಕಾದ ಜೀನ್‌ಗಳ ಕೆಲಸ ಕಮ್ಮಿ ಆಗಿ ಕೋಶಗಳನ್ನ ಹಾಳು ಮಾಡೋ ಶಕ್ತಿ ಇಳೀತು. ಬದುಕೋಕೆ ಗಟ್ಟಿ, ಜಗಳಕ್ಕೆ ಮೆತ್ತಗೆ. ಜೀನ್ ಒಂದಕ್ಷರವೂ ಬದಲಾಗದೆ, ಅದನ್ನ ಓದೋ ರೀತಿ ಬ್ಯಾಕ್ಟೀರಿಯಾ ಕೊಟ್ಟ ಒಂದು ಅಣುವಿನಿಂದ ಬದಲಾಗುತ್ತೆ.

ಹಾಗಾದ್ರೆ ಜೀನ್‌ಗಳನ್ನೇ ಬ್ಯಾಕ್ಟೀರಿಯಾ ಬದಲಾಯಿಸೋಕೆ ಆಗುತ್ತಾ? ಇಲ್ಲಿ ದೊಡ್ಡ ಜಗಳವೇ ನಡೆದಿದೆ. 1970ರ ದಶಕದ ಕೊನೆಗೆ ಲಂಡನ್‌ನ ಪೀಟರ್ ಸಾರ್ಜೆಂಟ್ ಅಮೀಬಾಗಳ ಎನ್‌ಜೈಮ್‌ಗಳನ್ನ ಜೆಲ್ ಅನ್ನೋ ಮೆತ್ತನೆ ಪದರದಲ್ಲಿ ಕರೆಂಟ್ ಹಾಯಿಸಿ ಓಡಿಸಿ, ಪಟ್ಟೆ ಎಲ್ಲೆಲ್ಲಿ ಬಿತ್ತು ಅನ್ನೋದರ ಮೇಲೆ ಗುಂಪು ಮಾಡಿದ್ರು, ರೋಗಿಗಳಿಂದ ಬಂದ ಅಮೀಬಾಗಳ ಪಟ್ಟೆ ಒಂದು ಥರ, ಆರೋಗ್ಯವಾಗಿರೋ ಬಹುಪಾಲು ಜನರಿಂದ ಬಂದವುಗಳ ಪಟ್ಟೆ ಇನ್ನೊಂದು ಥರ. 1986ರಲ್ಲಿ ಮಿರೆಲ್ಮನ್ ತಂಡ ಒಂದು ಆಶ್ಚರ್ಯದ ವಿಷಯ ಪ್ರಕಟಿಸ್ತು, ಸಾಧು ಅಮೀಬಾವನ್ನ ಅದರ ಬ್ಯಾಕ್ಟೀರಿಯಾಗಳಿಂದ ಬಿಡಿಸಿ ಬೆಳೆಸಿದಾಗ ಅದರ ಪಟ್ಟೆ ಉಗ್ರ ಅಮೀಬಾದ ಪಟ್ಟೆಗೆ ತಿರುಗಿತು, ಹಳೇ ಬ್ಯಾಕ್ಟೀರಿಯಾ ವಾಪಸ್ ಕೊಟ್ರೆ ಮತ್ತೆ ಮೊದಲಿನಂತಾಯ್ತು ಅಂತ. ನಿಜ ಆಗಿದ್ದಿದ್ರೆ ಏನೂ ಲಕ್ಷಣ ಇಲ್ಲದ ಪ್ರತಿಯೊಬ್ಬರಿಗೂ ಔಷಧಿ ಕೊಡ್ಬೇಕಾಗಿತ್ತು, ಯಾಕಂದ್ರೆ ಯಾವ ಸಾಧು ಯಾವಾಗ ತಿರುಗಿಬೀಳುತ್ತೋ ಯಾರಿಗೆ ಗೊತ್ತು.

ಆದ್ರೆ 1989ರ ಹೊತ್ತಿಗೆ ಡಿಎನ್‌ಎ ಹೋಲಿಸಿ ನೋಡೋಕೆ ಶುರು ಮಾಡಿದಾಗ ಎರಡೂ ಗುಂಪುಗಳ ನಡುವಿನ ವ್ಯತ್ಯಾಸ ಜೀನೋಮ್ ತುಂಬ, ಅಂದ್ರೆ ಅವುಗಳ ಪೂರ್ತಿ ಡಿಎನ್‌ಎ ತುಂಬ ಹರಡಿತ್ತು, ಕೆಲವು ವಾರ ಬೆಳೆಸೋದ್ರೊಳಗೆ ಅಷ್ಟೆಲ್ಲಾ ತಿದ್ದುಪಡಿ ಆಗೋದು ಸಾಧ್ಯವೇ ಇಲ್ಲ. ಗ್ರಹಾಂ ಕ್ಲಾರ್ಕ್ ಮತ್ತು ಅದೇ ಲೂಯಿಸ್ ಡೈಮಂಡ್ 1992ರಲ್ಲಿ ಈ ಬದಲಾವಣೆ ಅನ್ನೋದು ಲ್ಯಾಬ್‌ನಲ್ಲಿ ಬೆಳೆಸ್ತಿದ್ದ ಒಂದು ಥರದ ಅಮೀಬಾಗೆ ಇನ್ನೊಂದು ಥರದ್ದು ಬೆರೆತುಹೋಗಿ ಕಂಡಿರೋ ಸಾಧ್ಯತೆಯೇ ಹೆಚ್ಚು ಅಂತ ವಾದ ಮಾಡಿದ್ರು, 1993ರಲ್ಲಿ ಎರಡನ್ನೂ ಬೇರೆ ಬೇರೆ ಜಾತಿ ಅಂತಲೇ ವಿವರಿಸಿದ್ರು, ರೋಗ ತರೋದು ಎಂಟಮೀಬಾ ಹಿಸ್ಟೊಲಿಟಿಕಾ, ಸಾಧುವಾದದ್ದು ಎಂಟಮೀಬಾ ಡಿಸ್ಪಾರ್. ವಿಶೇಷ ಏನಂದ್ರೆ ಫ್ರಾನ್ಸ್‌ನ ಎಮಿಲ್ ಬ್ರಂಪ್ಟ್ ಇದನ್ನೇ 1925ರಲ್ಲಿ ಹೇಳಿದ್ರು, ಎರಡೂ ನೋಡೋಕೆ ಒಂದೇ ಥರ ಇರೋದ್ರಿಂದ ಯಾರೂ ಕಿವಿಗೆ ಹಾಕ್ಕೊಂಡಿರಲಿಲ್ಲ. ಹಾಗಾಗಿ ಗೆರೆ ಎಲ್ಲಿ ಎಳೀಬೇಕು ಅನ್ನೋದು ಈಗ ಸ್ಪಷ್ಟ. ಬ್ಯಾಕ್ಟೀರಿಯಾ ಎಷ್ಟೇ ಪ್ರಚೋದನೆ ಮಾಡಿದ್ರೂ ಡಿಸ್ಪಾರ್ ಹೋಗಿ ಹಿಸ್ಟೊಲಿಟಿಕಾ ಆಗಲ್ಲ, ಅದರ ಹತ್ರ ಆ ಸಾಮಾನೇ ಪೂರ್ತಿ ಇಲ್ಲ, ಉದಾಹರಣೆಗೆ ಸಿಸ್ಟೀನ್ ಪ್ರೋಟಿಯೇಸ್ 5ರ ಕೆಲಸ ಮಾಡೋ ಜೀನ್ ಅದರಲ್ಲಿಲ್ಲ. ಹಿಸ್ಟೊಲಿಟಿಕಾ ಹತ್ರ ಸಾಮಾನು ಇದೆ, ಅದನ್ನ ಹೊರಗೆ ತೆಗೀಬೇಕೋ ಬೇಡ್ವೋ ಅನ್ನೋದ್ರಲ್ಲಿ ಬ್ಯಾಕ್ಟೀರಿಯಾಗಳ ಕೈವಾಡ ಇದೆ.

ಆ ತೆಗೆಯೋ ಮುಚ್ಚೋ ವ್ಯವಸ್ಥೆ ಎಷ್ಟು ಬಲವಾದದ್ದು ಅನ್ನೋದಕ್ಕೆ ಮಿರೆಲ್ಮನ್ ಲ್ಯಾಬೇ 2003ರಲ್ಲಿ ಒಂದು ಪುರಾವೆ ಕೊಟ್ಟಿದೆ, ಈ ಸಲ ಯಾರೂ ಪ್ರಶ್ನೆ ಮಾಡದಂಥದ್ದು. ಅಮೀಬಾಪೋರ್ ಜೀನ್‌ನ ಒಂದು ತುಣುಕನ್ನ ಹೊರಗಿಂದ ಅಮೀಬಾ ಒಳಗೆ ಹಾಕಿದ್ರು, ಅಮೀಬಾ ತನ್ನ ಸ್ವಂತ ಅಮೀಬಾಪೋರ್ ಜೀನನ್ನೇ ಬಾಯಿ ಮುಚ್ಚಿಸಿಬಿಡ್ತು. ಹಾಕಿದ ತುಣುಕು ತೆಗೆದ ಮೇಲೂ, ತಲೆಮಾರು ತಲೆಮಾರು ಕಳೆದ್ರೂ ಆ ಜೀನ್ ಮತ್ತೆ ಮಾತಾಡಲಿಲ್ಲ, ಆ ಅಮೀಬಾಗೆ ರೋಗ ತರೋ ಶಕ್ತಿ ಹೋಯ್ತು. ಡಿಎನ್‌ಎ ಅಕ್ಷರಗಳು ಹಾಗೇ ಇವೆ, ಆದ್ರೂ ಮಕ್ಕಳು ಮರಿಗಳಿಗೆ ಬಳುವಳಿಯಾಗಿ ಹೋಗೋ ಮೌನ.

ಇನ್ನು ಲಕ್ಷಾಂತರ ವರ್ಷಗಳ ಲೆಕ್ಕ ತಗೊಂಡ್ರೆ, ಬ್ಯಾಕ್ಟೀರಿಯಾ ಅಮೀಬಾದ ಜೀನ್‌ಗಳನ್ನ ನಿಜವಾಗಿಯೂ ಬದಲಾಯಿಸಿವೆ. 2005ರಲ್ಲಿ ಎಂಟಮೀಬಾ ಹಿಸ್ಟೊಲಿಟಿಕಾದ ಪೂರ್ತಿ ಜೀನೋಮ್ ಓದಿ ಪ್ರಕಟಿಸಿದಾಗ, ಮೆಕ್ಸಿಕೋದ ರೋಗಿಯೊಬ್ಬರಿಂದ 1967ರಲ್ಲಿ ತೆಗೆದ ತಳಿ ಅದು, ಅದರಲ್ಲಿ 96 ಜೀನ್‌ಗಳು ಬ್ಯಾಕ್ಟೀರಿಯಾಗಳಿಂದ ಬಂದಿರೋ ಹಾಗೆ ಕಂಡವು. ಆಮೇಲೆ ಹೆಚ್ಚು ಜೀವಿಗಳ ಜೀನೋಮ್ ಹೋಲಿಕೆಗೆ ಸಿಕ್ಕಿದಾಗ ಆ ಪಟ್ಟಿ ಚಿಕ್ಕದಾಯ್ತು, ಆದ್ರೆ ವಿಷಯ ಸುಳ್ಳಾಗಲಿಲ್ಲ. ದಿನಾ ಬ್ಯಾಕ್ಟೀರಿಯಾ ನುಂಗಿ ಅರಗಿಸೋ ಜೀವಿಯ ಒಳಗೆ ಆಗಾಗ ಅವುಗಳ ಡಿಎನ್‌ಎ ಚೂರು ಉಳ್ಕೊಂಡು ತನ್ನದರ ಜೊತೆ ಸೇರ್ಕೊಂಡಿರುತ್ತೆ. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ಈಸ್ಕೊಂಡು ಬಂದು ಹಾಲಿಗೆ ಹಾಕಿದ್ಮೇಲೆ ನಾಳೆಯಿಂದ ಅದು ನಮ್ಮ ಮನೆ ಮೊಸರೇ ಅಲ್ವಾ, ಹಾಗೆ ಈಸ್ಕೊಂಡ ಜೀನ್ ಈಗ ಅಮೀಬಾದ್ದೇ. ಹೀಗೆ ಬಂದವುಗಳಲ್ಲಿ ಹೆಚ್ಚಿನವು ಸಕ್ಕರೆ, ಅಮೈನೋ ಆಸಿಡ್‌ಗಳನ್ನ ಒಡೆದು ಬಳಸೋ ಎನ್‌ಜೈಮ್‌ಗಳದ್ದು, ಆಕ್ಸಿಜನ್ ಇಲ್ಲದ ಕರುಳಿನಲ್ಲಿ ಹೊಟ್ಟೆ ಹೊರೆಯೋಕೆ ಬೇಕಾದವು. ಕಬ್ಬಿಣ ಮತ್ತು ಗಂಧಕ ಸೇರಿಸಿ ಕೆಲವು ಎನ್‌ಜೈಮ್‌ಗಳಿಗೆ ಬೇಕಾದ ಭಾಗ ಕಟ್ಟೋ ವ್ಯವಸ್ಥೆ ನಮ್ಮಲ್ಲಿ ಮೈಟೊಕಾಂಡ್ರಿಯಾದ್ದು, ಎಂಟಮೀಬಾದಲ್ಲಿ ಅದು ಬ್ಯಾಕ್ಟೀರಿಯಾ ಮೂಲದ್ದು, ಹೊಟ್ಟೆ ಹುಣ್ಣಿನ ಹೆಲಿಕೋಬ್ಯಾಕ್ಟರ್ ಇದೆಯಲ್ಲ, ಆ ವಂಶದ ಯಾವುದೋ ಹಳೇ ಬ್ಯಾಕ್ಟೀರಿಯಾದಿಂದ ಬಂದದ್ದು ಅಂತ ಜೀನ್ ಹೋಲಿಕೆ ಹೇಳುತ್ತೆ.

ಈಗ ಎಲ್ಲರಿಗೂ ಪರಿಚಯ ಇರೋ ಮಾತ್ರೆಗೆ ಬರೋಣ, ಮೆಟ್ರೊನಿಡಜೋಲ್, ಅಂಗಡೀಲಿ ಮೆಟ್ರೊಜಿಲ್ ಅಂತ ಕೇಳ್ತಾರೆ. ಹಲ್ಲಿನ ಕೀವಿಗೂ ಅದೇ ಕೊಡ್ತಾರೆ, ಅಮೀಬಾಗೂ ಅದೇ ಕೊಡ್ತಾರೆ. ಒಂದು ಬ್ಯಾಕ್ಟೀರಿಯಾ, ಇನ್ನೊಂದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಒಂದೇ ಮಾತ್ರೆ ಹೇಗೆ? ಆ ಔಷಧಿ ಹಾಗೇ ಇದ್ದಾಗ ಏನೂ ಮಾಡಲ್ಲ, ಆಕ್ಸಿಜನ್ ಇಲ್ಲದ ಕಡೆ ಬದುಕೋ ಜೀವಿಗಳ ಎನ್‌ಜೈಮ್‌ಗಳು ಅದಕ್ಕೆ ಎಲೆಕ್ಟ್ರಾನ್ ಕೊಟ್ಟಾಗ ಮಾತ್ರ ವಿಷ ಆಗುತ್ತೆ. ಆಕ್ಸಿಜನ್ ಇಲ್ಲದೆ ಬದುಕೋ ಬ್ಯಾಕ್ಟೀರಿಯಾ ಮತ್ತು ಎಂಟಮೀಬಾ, ಎರಡರ ಶಕ್ತಿ ತಯಾರಿಸೋ ದಾರಿಯಲ್ಲೂ ಈ ಥರದ ಎನ್‌ಜೈಮ್‌ಗಳಿವೆ. ನಮ್ಮ ಕೋಶಗಳಲ್ಲಿ ಆ ದಾರಿ ಇಲ್ಲ, ಅದಕ್ಕೇ ನಮಗೆ ಅಷ್ಟು ತೊಂದರೆ ಇಲ್ಲ, ಬಾಯಿ ಕಹಿ ಆಗೋದು, ವಾಕರಿಕೆ ಬಿಟ್ರೆ.

ಮಜ್ಜಿಗೆ ಬಗ್ಗೆ ಎಲ್ಲರೂ ಕೇಳ್ತಾರೆ, ಹೇಳ್ಬಿಡ್ತೀನಿ. ಲ್ಯಾಕ್ಟೋಬ್ಯಾಸಿಲಸ್ ಅಸಿಡೊಫಿಲಸ್ ಅನ್ನೋ ಬ್ಯಾಕ್ಟೀರಿಯಾ ಲ್ಯಾಬ್‌ನಲ್ಲಿ ಅಮೀಬಾವನ್ನ ಕೊಲ್ಲುತ್ತೆ, ತಾನು ಬಿಡೋ ಹೈಡ್ರೋಜನ್ ಪೆರಾಕ್ಸೈಡ್‌ನಿಂದ, 2022ರಲ್ಲಿ ಪ್ರಕಟವಾದ ಕೆಲಸ ಅದು. ಓ55 ಅಮೀಬಾನ ಪೆರಾಕ್ಸೈಡ್ ಹೊಡೆತದಿಂದ ಕಾಪಾಡುತ್ತೆ, ಇದು ಅದೇ ಪೆರಾಕ್ಸೈಡ್ ಬಿಟ್ಟು ಅಮೀಬಾನ ಕೊಲ್ಲುತ್ತೆ, ಅಲ್ಲಿಗೆ ಯಾವ ಬ್ಯಾಕ್ಟೀರಿಯಾ ಪಕ್ಕದಲ್ಲಿದೆ ಅನ್ನೋದು ಎಷ್ಟು ಮುಖ್ಯ ನೋಡಿ. ಆದ್ರೆ ಟ್ಯೂಬ್ ಒಳಗೆ ಆಗಿದ್ದು ಕರುಳೊಳಗೂ ಹಾಗೇ ಆಗುತ್ತೆ ಅಂತಲ್ಲ, ಮನೆ ಮೊಸರಲ್ಲಿ ಅದೇ ತಳಿ ಇರುತ್ತೆ ಅಂತಲೂ ಅಲ್ಲ. ಮಜ್ಜಿಗೆ ಧಾರಾಳವಾಗಿ ಕುಡೀರಿ, ದಾಳಿಂಬೆ ಸಿಪ್ಪೆ ಕಷಾಯನೂ ಕುಡೀರಿ, ಮಲದಲ್ಲಿ ರಕ್ತ ಕಂಡ್ರೆ ಮಾತ್ರ ಅದರ ಮೇಲೇ ದಿನ ತಳ್ಳಬೇಡಿ.

ಮತ್ತೆ ರಿಪೋರ್ಟ್ ಬಗ್ಗೆ. ಮೈಕ್ರೋಸ್ಕೋಪ್‌ನಲ್ಲಿ ನಾಲ್ಕು ನ್ಯೂಕ್ಲಿಯಸ್‌ನ ಸಿಸ್ಟ್ ಕಂಡಾಗ ಅದು ಹಿಸ್ಟೊಲಿಟಿಕಾನೋ ಡಿಸ್ಪಾರೋ ಅಂತ ಯಾರಿಂದಲೂ ಹೇಳೋಕಾಗಲ್ಲ, ಎಷ್ಟೇ ಅನುಭವ ಇದ್ರೂ. ಬಿಡಿಸಿ ಹೇಳೋಕೆ ಆಂಟಿಜೆನ್ ಟೆಸ್ಟ್ ಅಥವಾ ಪಿಸಿಆರ್ ಬೇಕು. ಹಾಗಾಗಿ ಆ ಹಿರಿಯರಿಗೆ ನಾನು ಹೇಳಿದ್ದು ಎರಡು ಸಾಧ್ಯತೆ: ನಿಮ್ಮ ಹೊಟ್ಟೇಲಿರೋದು ಡಿಸ್ಪಾರ್ ಆಗಿದ್ರೆ ಅದು ಏನೂ ಮಾಡಲ್ಲ, ಹಿಸ್ಟೊಲಿಟಿಕಾನೇ ಆಗಿದ್ರೆ ಸದ್ಯಕ್ಕೆ ಸುಮ್ಮನಿದೆ, ಆದ್ರೆ ಸಿಸ್ಟ್ ನಿಮ್ಮಿಂದ ಮನೆಯವರಿಗೆಲ್ಲಾ ಹೋಗ್ತಾ ಇರುತ್ತೆ, ಹಾಗಾಗಿ ಟೆಸ್ಟ್ ಮಾಡಿಸಿ ಚಿಕಿತ್ಸೆ ತಗೊಳ್ಳಿ. ಮಗನಿಗೆ ಮೆಟ್ರೊನಿಡಜೋಲ್ ಶುರು ಮಾಡಿದ್ರು. ಅದು ಕರುಳಿನ ಗೋಡೆಯಲ್ಲಿ, ಲಿವರ್‌ನಲ್ಲಿ ಇರೋ ಅಮೀಬಾನ ಚೆನ್ನಾಗಿ ಕೊಲ್ಲುತ್ತೆ, ಆದ್ರೆ ಅದರ ಬಹುಪಾಲು ಮೇಲೇ ರಕ್ತಕ್ಕೆ ಹೀರ್ಕೊಂಡು ಹೋಗೋದ್ರಿಂದ ಕರುಳಿನ ಪೊಳ್ಳಿನಲ್ಲಿ ಉಳಿದಿರೋ ಸಿಸ್ಟ್‌ಗಳಿಗೆ ಸಾಲಲ್ಲ. ಅದಕ್ಕೆ ಡೈಲಾಕ್ಸನೈಡ್ ಅಥವಾ ಪ್ಯಾರೊಮೊಮೈಸಿನ್ ಥರದ ಎರಡನೇ ಔಷಧಿ ಇದೆ, ಭೇದಿ ನಿಂತ್ಮೇಲೆ ಕೊಡೋದು. ಭೇದಿ ನಿಂತ ಕೂಡಲೇ ಬಹಳ ಜನ ಎಲ್ಲಾ ಮಾತ್ರೆ ನಿಲ್ಲಿಸ್ಬಿಡ್ತಾರೆ, ಎರಡನೇದು ಇದೆ ಅಂತಲೇ ಗೊತ್ತಿರಲ್ಲ. ಅಮೀಬಾ ಅಂತ ರಿಪೋರ್ಟ್ ಬಂದು ಟ್ರೀಟ್‌ಮೆಂಟ್ ಆಗ್ತಿದ್ರೆ ಡಾಕ್ಟರ್‌ನ ಕೇಳಿ: "ಕರುಳಲ್ಲಿ ಉಳಿದಿರೋ ಸಿಸ್ಟ್‌ಗೆ ಬೇರೆ ಮಾತ್ರೆ ಬೇಕಾ ಡಾಕ್ಟ್ರೇ?"